ಮತ್ತಿನ ಡಾಕ್ಟರ ಸಾಕ್ಷಿ

ತಮ್ಮ ಮೇಲೆ ಕೇಸು ನಡೆಸುವ ವಕೀಲೆಗೆ ಡಾಕ್ಟರುಗಳು ಇಟ್ಟ ಹೆಸರು ರಣಹದ್ದು. ಅದು ಮೊದಲು ಯಾರ ಬಾಯಿಂದ ಹೊರಟಿತೋ ಗೊತ್ತಿಲ್ಲ. ಆದರೆ ಕಿವಿಗೆ ಬಿದ್ದ ದಿನವೇ ಅವಳು ತಮ್ಮನಿಗೆ ಫೋನ್ ಮಾಡಿ, "ಹದ್ದು ಬರೋದು ಹೆಣ ಬಿದ್ದ ಮೇಲೆ ಕಣೋ. ಬೀಳಿಸಿದೋರು ಯಾರು ಅಂತ ನಿನ್ನ ಸ್ನೇಹಿತರನ್ನೇ ಕೇಳು" ಎಂದು ಹೇಳಿ ಇಟ್ಟುಬಿಟ್ಟಿದ್ದಳು. ತಮ್ಮ ಚರ್ಮದ ಡಾಕ್ಟರು. ವೈದ್ಯರ ಸಂಘದ ಕಾರ್ಯದರ್ಶಿ ಬೇರೆ. ಮೊಡವೆಯಿಂದ ಯಾರೂ ಸಾಯುವುದಿಲ್ಲ, ಆದ್ದರಿಂದ ಅಕ್ಕನ ನೋಟಿಸು ತನ್ನ ಮನೆಗೆ ಬರುವುದಿಲ್ಲ ಎಂದು ಲೆಕ್ಕ ಹಾಕಿ ಆ ವಿಭಾಗ ಆರಿಸಿಕೊಂಡ ಆಸಾಮಿ ಎಂಬುದು ಅವಳ ಅಭಿಪ್ರಾಯ.

ವಕೀಲೆಗೆ ಡಾಕ್ಟರುಗಳ ಮೇಲಿದ್ದದ್ದು ಕೋಪವಲ್ಲ. ಕೋಪಕ್ಕೆ ಎದುರಿನವರು ಸರಿಸಮಾನರಾಗಿರಬೇಕು. ಅವಳಿಗಿದ್ದದ್ದು ತಾತ್ಸಾರ, ಅದೂ ವರ್ಷಗಟ್ಟಲೆ ಒಲೆಯ ಮೇಲಿಟ್ಟು ಗಟ್ಟಿಯಾಗಿಸಿದ್ದು. ಆಸ್ಪತ್ರೆಯವರ ಮಾತನ್ನು ಅವಳು ಚೆನ್ನಾಗಿ ಬಲ್ಲಳು. ರೋಗಿ ಎದ್ದು ಕೂತರೆ "ನಾವು ಉಳಿಸಿದೆವು." ಏಳದಿದ್ದರೆ "ರಕ್ತಸ್ರಾವ ಕಾಣಿಸಿಕೊಂಡಿತು", "ತೊಂದರೆ ಉಂಟಾಯಿತು", "ಹೃದಯ ಸ್ಪಂದಿಸಲಿಲ್ಲ." ಗುಣವಾಗುವುದು ಡಾಕ್ಟರಿಂದ, ಸಾಯುವುದು ಮಾತ್ರ ತನ್ನಷ್ಟಕ್ಕೆ ತಾನೇ. ಕತ್ತರಿ ಹೊಟ್ಟೆಯೊಳಗೆ ಉಳಿದರೂ ಅದು ತಾನಾಗಿ ನಡೆದುಕೊಂಡು ಹೋಗಿ ಅಲ್ಲಿ ಮಲಗಿದ ಹಾಗೆ ಬರೆಯುವ ಜನ.

ಹಾಗಂತ ತನ್ನ ಕಡೆಯವರ ಮೇಲೆ ಅವಳಿಗೆ ಮಹಾ ಗೌರವವಿತ್ತು ಎಂದೇನೂ ಅಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ಅಳುವವರನ್ನು ಕಂಡರೆ ಕಾರ್ಡು ಹಿಡಿದು ಓಡಿಬರುವ ವಕೀಲರನ್ನು ಅವಳು ಹುಳುಗಳ ಲೆಕ್ಕಕ್ಕೆ ಸೇರಿಸಿದ್ದಳು. ತನ್ನ ಪರ ಸಾಕ್ಷಿ ಹೇಳುತ್ತಿದ್ದ ನಿವೃತ್ತ ತಜ್ಞರಿಗೆ 'ಬಾಡಿಗೆ ಬಾಯಿ' ಎಂದು ಹೆಸರಿಟ್ಟಿದ್ದಳು. ಆ ಬಾಯಿಗಳಿಂದಲೇ ಗೆದ್ದಿದ್ದಳು ಎಂಬುದು ಬೇರೆ ವಿಷಯ.

ಈ ದಾರಿಗೆ ಅವಳು ಬಂದದ್ದೂ ಯಾವ ದೊಡ್ಡ ಉದ್ದೇಶದಿಂದಲ್ಲ. ಕಲಿಯುವ ಕಾಲದಲ್ಲಿ ಅವಳಿದ್ದದ್ದು ಆಸ್ತಿ ಪಾಲು ಮಾಡಿಸುವ ಹಿರಿಯರೊಬ್ಬರ ಕಚೇರಿಯಲ್ಲಿ. ಒಂದು ದಿನ ಹೆರಿಗೆಗೆಂದು ಹೋಗಿ ಸತ್ತ ಹುಡುಗಿಯೊಬ್ಬಳ ಅಪ್ಪ ಬಂದು ಕೂತ. ಆಸ್ಪತ್ರೆಯ ಮಾಲೀಕರು ಹಿರಿಯರ ಟೆನಿಸ್ ಜೊತೆಗಾರರು. ಹಿರಿಯರು ಫೈಲನ್ನು ಎರಡು ಬೆರಳಲ್ಲಿ ಹಿಡಿದು ಅವಳ ಮೇಜಿಗೆ ಹಾಕಿ, "ಇದನ್ನ ನೀನು ನೋಡ್ಕೋ. ಸೋತ್ರೂ ಪರವಾಗಿಲ್ಲ" ಎಂದರು. ಸೋತರೂ ಪರವಾಗಿಲ್ಲ ಎಂದದ್ದಲ್ಲ, ಸೋಲಲಿ ಎಂದದ್ದು ಎಂದು ಅವಳಿಗೆ ಆ ಸಂಜೆಯೇ ಹೊಳೆಯಿತು. ಹಟ ಹುಟ್ಟಿತು. ತಮ್ಮ ಆಗ ಮೆಡಿಕಲ್ ಓದುತ್ತಿದ್ದ. ಅವನ ದಪ್ಪ ಪುಸ್ತಕಗಳನ್ನು ಅಡುಗೆಮನೆಯ ಮೇಜಿಗೆ ಎಳೆದುಕೊಂಡು ಬಂದು ಗಂಟಲಿನ ಒಳಗಿನ ದಾರಿಗಳನ್ನು ತರಕಾರಿ ಹೆಚ್ಚುತ್ತಲೇ ಬಾಯಿಪಾಠ ಮಾಡಿದಳು. ಆ ವರ್ಷ ತಮ್ಮ ಆ ವಿಷಯದಲ್ಲಿ ಪಾಸಾದದ್ದು ಅಕ್ಕ ಕೇಳಿದ ಪ್ರಶ್ನೆಗಳಿಂದ ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದರು. ತಮ್ಮ ಕೊನೆಯವರೆಗೂ ಒಪ್ಪಲಿಲ್ಲ.

ಆ ಮೊಕದ್ದಮೆಯಲ್ಲಿ ಕಟಕಟೆ ಹತ್ತಿದವರು ಅರಿವಳಿಕೆ ಕೊಟ್ಟಿದ್ದ ವೈದ್ಯರು. ಜನ 'ಮತ್ತಿನ ಡಾಕ್ಟರು' ಎಂದು ಕರೆಯುತ್ತಿದ್ದ, ಆಗಿನ್ನೂ ತಲೆತುಂಬ ಕೂದಲಿದ್ದ ಗಂಭೀರ ಮನುಷ್ಯ. ಶಸ್ತ್ರಚಿಕಿತ್ಸೆಯ ಮೊದಲು ಉಸಿರಾಟಕ್ಕೆಂದು ಹಾಕುವ ನಳಿಗೆ ಶ್ವಾಸನಾಳದ ಬದಲು ಅನ್ನನಾಳಕ್ಕೆ ಇಳಿದಿತ್ತು. ಗಾಳಿಯೆಲ್ಲ ಹೊಟ್ಟೆಗೆ ಹೋಯಿತು, ಹುಡುಗಿ ಉಸಿರಿಲ್ಲದೆ ನೀಲಿಗಟ್ಟಿದಳು. ಮತ್ತಿನ ಡಾಕ್ಟರು ಕಟಕಟೆಯಲ್ಲಿ ನಿಂತು, "ನಳಿಗೆ ಸರಿಯಾದ ಜಾಗದಲ್ಲೇ ಇತ್ತು. ಔಷಧಿ ಆಕೆಯ ಮೈಗೆ ಒಗ್ಗಲಿಲ್ಲ. ಉಸಿರನ್ನು ಅಳೆಯುವ ಯಂತ್ರ ಕೆಟ್ಟಿತ್ತು" ಎಂದು ಹೇಳಿದ್ದನ್ನೇ ಹೇಳಿದರು. ಆಗ ಅವಳು ಕೇಳಿದ ಪ್ರಶ್ನೆ ಮಾರನೆಯ ದಿನ ಪತ್ರಿಕೆಗಳಲ್ಲೆಲ್ಲ ಬಂತು:

"ಡಾಕ್ಟರೇ, ಅನ್ನ ಹೋಗೋ ದಾರಿ ಯಾವುದು, ಗಾಳಿ ಹೋಗೋ ದಾರಿ ಯಾವುದು ಅಂತ ನಿಮಗೆ ಗೊತ್ತಿದೆಯಾ? ಅಥವಾ ನೀವು ಊಟ ಮಾಡೋದೂ ಮೂಗಲ್ಲೇನಾ?"

ಕೋರ್ಟು ಗೊಳ್ಳೆಂದು ನಕ್ಕಿತು. ನ್ಯಾಯಾಧೀಶರೂ ಬಾಯಿಗೆ ಕೈ ಅಡ್ಡ ಹಿಡಿದರು. ಆ ನಗುವಿನ ಬೆನ್ನೇರಿ ಅವಳು ಕೇಸು ಗೆದ್ದಳು, ಸ್ವಂತ ಕಚೇರಿ ತೆರೆದಳು, ಊರೂರಿಂದ ಫೈಲುಗಳು ಹುಡುಕಿಕೊಂಡು ಬಂದವು. ಮತ್ತಿನ ಡಾಕ್ಟರು ಆಸ್ಪತ್ರೆ ಬಿಟ್ಟರು. ಎಲ್ಲಿಗೆ ಹೋದರೆಂದು ಅವಳು ಕೇಳಲಿಲ್ಲ.

ಅದಾದ ಮೇಲೆ ಎಷ್ಟೋ ವರ್ಷಗಳು ಹೋದವು. ಕೂದಲು ಬೆಳ್ಳಗಾಗಿ, ಅದಕ್ಕೆ ಬಣ್ಣ ಹಚ್ಚುವುದೂ ಬೇಜಾರಾಗಿ ಬಿಟ್ಟ ಮೇಲೆ, ಬಸ್ ಡ್ರೈವರನ ಹೆಂಡತಿ ಅವಳ ಕಚೇರಿಗೆ ಬಂದಳು.

ಡ್ರೈವರ್ ಹರ್ನಿಯಾ ಆಪರೇಷನ್ನಿಗೆಂದು ದೊಡ್ಡ ಆಸ್ಪತ್ರೆಯೊಂದಕ್ಕೆ ತಾನೇ ನಡೆದುಕೊಂಡು ಹೋಗಿದ್ದ. ಈಗ ಮನೆಯ ಮುಂದಿನ ಕೋಣೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದಾನೆ. ಕರೆದರೆ ತಿರುಗುವುದಿಲ್ಲ, ಚಿವುಟಿದರೆ ಅಲುಗುವುದಿಲ್ಲ. ಹೆಂಡತಿ ರೆಡಿಮೇಡ್ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ನೇರವಾಗಿ ಬಂದು, ನೇರವಾಗಿ ಕೂತು, ನೇರವಾಗಿ ಹೇಳಿದಳು. ವಕೀಲೆ ಅಭ್ಯಾಸಬಲದಿಂದ ದನಿಯನ್ನು ಮೆತ್ತಗೆ ಮಾಡಿಕೊಂಡು "ಅಯ್ಯೋ ಪಾಪ" ಎನ್ನುವಷ್ಟರಲ್ಲಿ ಆ ಹೆಂಗಸು ಕೈ ಎತ್ತಿ ತಡೆದಳು.

"ಅಯ್ಯೋ ಅನ್ನಬೇಡಿ ಮೇಡಂ. ಅಯ್ಯೋ ಅನ್ನೋರು ಮನೆ ತುಂಬ ಇದಾರೆ. ಬರ್ತಾರೆ, ಅವರ ತಲೆ ಸವರ್ತಾರೆ, ಟೀ ಕುಡೀತಾರೆ, ಹೋಗ್ತಾರೆ. ಲೋಟ ತೊಳೆಯೋಳು ನಾನು. ನೀವು ಏನ್ ಮಾಡ್ತೀರಾ ಹೇಳಿ."

ವಕೀಲೆಗೆ ಬಹಳ ದಿನಗಳ ಮೇಲೆ ಒಬ್ಬ ಕಕ್ಷಿದಾರಳ ಮೇಲೆ ಗೌರವ ಬಂತು.

ಆಸ್ಪತ್ರೆಯವರು ಕೋರ್ಟಿಗೆ ಕೊಟ್ಟ ಉತ್ತರ ಓದಿ ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಔಷಧಿಯು ರೋಗಿಯ ದೇಹಕ್ಕೆ ಒಗ್ಗದ ಕಾರಣ ಅಪರೂಪದ ಪರಿಣಾಮ ಉಂಟಾಯಿತು. ಉಸಿರನ್ನು ಅಳೆಯುವ ಯಂತ್ರವು ಆ ಸಮಯದಲ್ಲಿ ಕೆಟ್ಟಿತ್ತು." ಈ ಮಾತನ್ನು ಎಲ್ಲೋ ಕೇಳಿದ್ದೇನೆ ಎನ್ನಿಸಿತು. ಎಲ್ಲಿ ಎಂದು ನೆನಪು ಮಾಡಿಕೊಳ್ಳಲು ಹೊತ್ತು ಹಿಡಿಯಲಿಲ್ಲ.

ಆದರೆ ಕೋರ್ಟಿಗೆ ವಕೀಲೆಯ ನೆನಪು ಬೇಕಾಗಿರಲಿಲ್ಲ, ಡಾಕ್ಟರ ಸಾಕ್ಷಿ ಬೇಕಾಗಿತ್ತು. ಅಲ್ಲಿಂದ ಶುರುವಾಯಿತು ಮೆರವಣಿಗೆ. ಮೊದಲನೆಯ ತಜ್ಞರು ಕಾಗದಗಳನ್ನು ನೋಡಿ "ತಪ್ಪು ಎದ್ದು ಕಾಣುತ್ತೆ" ಎಂದರು. ಹಾಗಾದರೆ ಬಂದು ಹೇಳಿ ಎಂದದ್ದೇ ತಡ, ಅವರಿಗೆ ಸೊಂಟನೋವು ಕಾಣಿಸಿಕೊಂಡಿತು. ಎರಡನೆಯವರು ಆ ಆಸ್ಪತ್ರೆಯಲ್ಲಿ ಮಗಳಿಗೆ ಕೆಲಸ ಸಿಗುವುದನ್ನು ಕಾಯುತ್ತಿದ್ದರು. ಮೂರನೆಯವರು ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಸ್ಸೀಮರು. ನಳಿಗೆ ತಪ್ಪಿರಲೂಬಹುದು, ತಪ್ಪದೆಯೂ ಇರಬಹುದು, ಎರಡೂ ವೈದ್ಯಶಾಸ್ತ್ರಕ್ಕೆ ಸಮ್ಮತ ಎಂದರು. ಅವಳ ಹಳೆಯ ಬಾಡಿಗೆ ಬಾಯಿಗಳಲ್ಲಿ ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರಿಗೆ ಮರೆವು ಹಿಡಿದಿತ್ತು.

ಕೊನೆಗೆ ಅವಳು ತಮ್ಮನ ಕ್ಲಿನಿಕ್ಕಿಗೆ ಹೋದಳು. ಅವನು ಬಾಗಿಲು ಮುಚ್ಚಿ, ಕಿಟಕಿಯ ಪರದೆಯನ್ನೂ ಎಳೆದ.

"ಯಾಕೋ, ನಾನೇನು ಕದ್ದ ಸಾಮಾನು ಮಾರೋಕೆ ಬಂದಿದೀನಾ?"

"ಅಕ್ಕ, ಮೆತ್ತಗೆ ಮಾತಾಡು. ಹೊರಗೆ ಪೇಷಂಟ್ಸ್ ಇದಾರೆ. ನಿನಗೆ ಸಾಕ್ಷಿ ಹೇಳೋ ಡಾಕ್ಟರು ಈ ಊರಲ್ಲಿ ಒಬ್ಬನೂ ಸಿಗಲ್ಲ. ಹೇಳಿದೋನು ನಾಳೆಯಿಂದ ಯಾವ ಆಸ್ಪತ್ರೆಗೂ ಕಾಲಿಡೋಕಾಗಲ್ಲ."

"ಅಂದ್ರೆ ನಿಮ್ಮಲ್ಲಿ ಒಬ್ಬನಿಗೂ ಬೆನ್ನುಮೂಳೆ ಇಲ್ಲ."

"ಒಬ್ಬರಿದಾರೆ, ಕಳ್ಕೊಳ್ಳೋಕೆ ಏನೂ ಇಲ್ಲದೋರು. ಆದ್ರೆ ನಿನ್ನ ಮುಖ ನೋಡಲ್ಲ." ತಮ್ಮ ಸ್ವಲ್ಪ ಸಂತೋಷದಿಂದಲೇ ಹೇಳಿದ. "ನಿನ್ನ ಮೊದಲನೇ ಬೇಟೆ. ನರ್ಸಿಂಗ್ ಶಾಲೆಯಲ್ಲಿ ಪಾಠ ಮಾಡ್ಕೊಂಡಿದಾರೆ."

ನರ್ಸಿಂಗ್ ಶಾಲೆ ಬಸ್ ಡಿಪೋ ಹಿಂದಿನ ಹಳೇ ಕಟ್ಟಡ. ಅಭ್ಯಾಸದ ಕೋಣೆಯಲ್ಲಿ ರಬ್ಬರಿನ ತಲೆಗಳು ಸಾಲಾಗಿ ಬಾಯಿ ತೆರೆದುಕೊಂಡು ಮೇಜಿನ ಮೇಲೆ ಮಲಗಿದ್ದವು. ಮತ್ತಿನ ಡಾಕ್ಟರ ತಲೆ ಈಗ ಪೂರ್ತಿ ಬೋಳು. ವಿದ್ಯಾರ್ಥಿಗಳನ್ನು ಕಳಿಸಿ, ಬಾಗಿಲಲ್ಲಿ ನಿಂತವಳನ್ನು ಮೇಲಿಂದ ಕೆಳಗೆ ನೋಡಿದರು. ಕೂರಿ ಎನ್ನಲಿಲ್ಲ.

"ದಾರಿ ತಪ್ಪಿ ಬಂದ್ರಾ?"

"ಇಲ್ಲ. ನಿಮ್ಮ ಹತ್ರಾನೇ ಬಂದೆ. ಒಂದು ಸಹಾಯ ಆಗಬೇಕು."

"ಏನಂದ್ರಿ? ಇನ್ನೊಂದ್ಸಲ ಹೇಳಿ, ಕೇಳಿಸಲಿಲ್ಲ."

ಕೇಳಿಸಿದೆ ಎಂದು ಅವಳಿಗೆ ಗೊತ್ತಿತ್ತು. ಬ್ಯಾಗನ್ನು ಹೆಗಲಿಗೇರಿಸಿ ಹೊರಡಲು ತಿರುಗಿದಳು. ಹಿಂದಿನಿಂದ ಸಣ್ಣ ನಗು ಬಂತು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಇಷ್ಟು ವರ್ಷ ಕಾದಿದ್ದಕ್ಕೆ ಅಷ್ಟಾದ್ರೂ ಬೇಡ್ವಾ ನನಗೆ? ಕೊಡಿ, ಏನು ತಂದಿದೀರಾ ನೋಡೋಣ."

ಅವಳು ಆಪರೇಷನ್ನಿನ ದಿನದ ದಾಖಲೆಗಳ ಜೊತೆ ಆಸ್ಪತ್ರೆಯವರ ಉತ್ತರದ ಪ್ರತಿಯನ್ನೂ ಕೊಟ್ಟಳು. ಅವರು ಕಿಟಕಿಯ ಹತ್ತಿರ ಹೋಗಿ, ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದರು. ಓದುತ್ತಾ ಓದುತ್ತಾ ಮುಖ ಇಳಿಯಿತು.

"ಔಷಧಿ ಒಗ್ಗದಿದ್ರೆ ಮೊದಲು ಬಿಪಿ ಬೀಳುತ್ತೆ, ಎದೆ ಓಡುತ್ತೆ. ಇಲ್ಲಿ ನೋಡಿ, ಬಿಪಿ ಸರಿಯಾಗೇ ಇದೆ. ಆಕ್ಸಿಜನ್ ಮೊದಲು ಬಿದ್ದಿದೆ. ಎದೆಬಡಿತ ನಿಧಾನ ಆಗ್ತಾ ಹೋಗಿದೆ. ಇದು ಉಸಿರೇ ಇಲ್ಲದೋರ ಲಕ್ಷಣ. ಇನ್ನು ಈ ಯಂತ್ರ. ರೋಗಿ ಬಿಡೋ ಉಸಿರು ಬರ್ತಿದೆಯಾ ಅಂತ ತೋರಿಸೋದು ಅದರ ಕೆಲಸ. ಬರ್ತಿಲ್ಲ ಅಂತ ಅದು ತೋರಿಸ್ತು. ಇವರು ಯಂತ್ರ ಕೆಟ್ಟಿದೆ ಅಂದ್ಕೊಂಡ್ರು." ಕಾಗದ ಮಡಿಸುತ್ತಾ ಹೇಳಿದರು, "ನಾನೇ ಬರೆದ ಹಾಗಿದೆ ಇದು."

"ಸಾಕ್ಷಿ ಹೇಳ್ತೀರಾ?"

"ಒಂದು ಕೇಳ್ತೀನಿ. ನಿಮಗೆ ನನ್ನ ಮೇಲೆ ಈಗ್ಲೂ ಅಸಹ್ಯ ಇದೆ ಅಲ್ವಾ?"

"ಇದೆ," ಎಂದಳು ಅವಳು. ಸಾಕ್ಷಿಯನ್ನು ಒಲಿಸಿಕೊಳ್ಳಲು ಬಂದವಳು ಬೆಣ್ಣೆ ಹಚ್ಚಬೇಕಿತ್ತು. ಆ ಹೊತ್ತಿಗೆ ಅದು ಬರಲಿಲ್ಲ.

"ಒಳ್ಳೇದು. ಇಲ್ಲ ಅಂದಿದ್ರೆ ಬರ್ತಿರಲಿಲ್ಲ. ಸುಳ್ಳು ಹೇಳೋ ವಕೀಲರ ಜೊತೆ ಒಂದ್ಸಲ ಹೋಗಿ ಸಾಕಾಗಿದೆ. ಬರ್ತೀನಿ. ಆದ್ರೆ ನನಗೆ ಏನು ಹೇಳಬೇಕು ಅಂತ ಹೇಳಿಕೊಡೋ ಹಾಗಿಲ್ಲ. ಧನ್ಯವಾದ ಅನ್ನೋ ಹಾಗೂ ಇಲ್ಲ, ನಿಮ್ಮ ಬಾಯಲ್ಲಿ ಆ ಮಾತು ಚೆನ್ನಾಗಿರಲ್ಲ."

ಆಸ್ಪತ್ರೆಯ ಪರವಾಗಿ ಬಂದವನು ಕಿರಿಯ ವಕೀಲ. ಹೆಸರಾಂತ ಅಪ್ಪನ ಮಗ. ಅಪ್ಪ ಈ ಊರಿನ ಆಸ್ಪತ್ರೆಗಳನ್ನೆಲ್ಲ ಜೀವಮಾನವಿಡೀ ಕಾಪಾಡಿ, ಮಗನಿಗೆ ಕಚೇರಿ, ಕಕ್ಷಿದಾರರು, ಕಪ್ಪು ಕಾರು, ಗಂಟಲು ಸರಿಪಡಿಸಿಕೊಳ್ಳುವ ರೀತಿ ಎಲ್ಲವನ್ನೂ ಬಿಟ್ಟು ಹೋಗಿದ್ದರು. ಬುದ್ಧಿ ಒಂದನ್ನು ಬಿಟ್ಟು ಹೋಗುವುದು ಮರೆತರು ಎಂಬುದು ವಕೀಲೆಯ ತೀರ್ಮಾನ. ಮತ್ತಿನ ಡಾಕ್ಟರ ಹೆಸರು ಸಾಕ್ಷಿಗಳಲ್ಲಿ ಕಂಡ ದಿನದಿಂದ ಅವನು ಕಾರಿಡಾರಿನಲ್ಲಿ ಅವಳನ್ನು ಕಂಡಾಗಲೆಲ್ಲ ಹಲ್ಲು ಕಿರಿಯುತ್ತಿದ್ದ.

ಅಂದು ಕೋರ್ಟು ತುಂಬಿತ್ತು. ಡ್ರೈವರನ ಹೆಂಡತಿ ಮುಂದಿನ ಬೆಂಚಿನಲ್ಲಿ, ಕೆಲಸಕ್ಕೆ ರಜೆ ಹಾಕಿ ಬಂದು ಕೂತಿದ್ದಳು. ಹಿಂದಿನ ಬೆಂಚಿನಲ್ಲಿ ಡ್ರೈವರನಿಗೆ ಅರಿವಳಿಕೆ ಕೊಟ್ಟಿದ್ದ ವೈದ್ಯ, ಇನ್ನೂ ಚಿಕ್ಕ ವಯಸ್ಸಿನವನು, ಇಬ್ಬರು ಆಡಳಿತಾಧಿಕಾರಿಗಳ ನಡುವೆ ಪೊಲೀಸರು ಹಿಡಿದು ತಂದವನ ಹಾಗೆ ಕೂತಿದ್ದ. ಮತ್ತಿನ ಡಾಕ್ಟರು ಕಟಕಟೆಯಲ್ಲಿ ನಿಂತು ಬಿಪಿ, ಆಕ್ಸಿಜನ್, ಯಂತ್ರ ಎಲ್ಲವನ್ನೂ ತರಗತಿಯಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದರು. ನ್ಯಾಯಾಧೀಶೆ ಎರಡು ಸಲ ಪ್ರಶ್ನೆ ಕೇಳಿ ಅರ್ಥ ಮಾಡಿಕೊಂಡರು. ಆಮೇಲೆ ಕಿರಿಯ ವಕೀಲ ಪಾಟೀಸವಾಲಿಗೆ ಎದ್ದ. ಅಪ್ಪನ ಹಾಗೆಯೇ ಗಂಟಲು ಸರಿಪಡಿಸಿಕೊಂಡ.

"ಡಾಕ್ಟರೇ, ಈ ಕೋರ್ಟು ನಿಮಗೆ ಹೊಸದಲ್ಲ ಅಲ್ವಾ?"

"ಅಲ್ಲ. ಇದೇ ಕಟಕಟೆ. ಆಗ ಇದಕ್ಕೆ ಬಣ್ಣ ಹೊಡೆದಿರಲಿಲ್ಲ."

"ನಿಮ್ಮ ಕೈಯಲ್ಲಿ ಒಬ್ಬ ಹೆಣ್ಣುಮಗಳು ಸತ್ತಳು. ಹೌದಾ?"

"ಹೌದು."

"ಆಗ ನಿಮ್ಮನ್ನ ಒಂದು ಪ್ರಶ್ನೆ ಕೇಳಲಾಗಿತ್ತು. ಓದ್ತೀನಿ, ಮಹಾಸ್ವಾಮಿ. 'ಡಾಕ್ಟರೇ, ಅನ್ನ ಹೋಗೋ ದಾರಿ ಯಾವುದು, ಗಾಳಿ ಹೋಗೋ ದಾರಿ ಯಾವುದು ಅಂತ ನಿಮಗೆ ಗೊತ್ತಿದೆಯಾ? ಅಥವಾ ನೀವು ಊಟ ಮಾಡೋದೂ ಮೂಗಲ್ಲೇನಾ?' ಈ ಪ್ರಶ್ನೆ ಕೇಳಿದ್ದು ಯಾರು?"

"ಅಲ್ಲಿ ಕೂತಿದಾರಲ್ಲ, ಅವರು."

ಕೋರ್ಟು ನಕ್ಕಿತು. ವಕೀಲೆ ಆ ನಗುವನ್ನು ಮೊದಲ ಸಲ ಕುರ್ಚಿಯಲ್ಲಿ ಕೂತು ಕೇಳಿದಳು. ಎದ್ದು ನಿಂತಾಗ ಅದು ಚಪ್ಪಾಳೆಯ ಹಾಗೆ ಕೇಳಿತ್ತು. ಈಗ ಯಾರೋ ಹೊಟ್ಟೆ ತುಂಬಿ ತೇಗಿದ ಹಾಗೆ ಕೇಳಿತು. ತಾನೇ ಬರೆದು, ಕನ್ನಡಿಯ ಮುಂದೆ ನಿಂತು ಹೇಳಿಕೊಂಡು ಬಂದಿದ್ದ ವಾಕ್ಯ. ಎಷ್ಟು ಅಗ್ಗದ ವಾಕ್ಯ ಎನ್ನಿಸಿತು. ಡ್ರೈವರನ ಹೆಂಡತಿ ಮಾತ್ರ ನಗದೆ, ತಿರುಗಿ ಅವಳ ಮುಖವನ್ನೇ ನೋಡಿದಳು.

ಕಿರಿಯ ವಕೀಲ ಹುರುಪುಗೊಂಡ. "ನಳಿಗೆ ಸರಿಯಾದ ಜಾಗದಲ್ಲೇ ಇತ್ತು, ಔಷಧಿ ಒಗ್ಗಲಿಲ್ಲ ಅಂತ ನೀವು ಅವತ್ತು ಹೇಳಿದ್ರಿ. ಪ್ರಮಾಣ ಮಾಡಿ ಹೇಳಿದ್ರಿ. ಇವತ್ತು ನೋಡಿದ್ರೆ ಅದೇ ಥರದ ಲಕ್ಷಣಕ್ಕೆ ನಳಿಗೆ ತಪ್ಪಿತ್ತು ಅಂತೀರಾ. ಹಾಗಾದ್ರೆ ಎರಡರಲ್ಲಿ ಒಂದು ಸುಳ್ಳು. ಯಾವುದು, ಕೋರ್ಟಿಗೆ ಹೇಳಿ."

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ಕೇಳಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ಅವನ ಅಪ್ಪನಿಗೆ ಅದು ಗೊತ್ತಿತ್ತು.

"ಅವತ್ತಿನದು ಸುಳ್ಳು," ಎಂದರು ಮತ್ತಿನ ಡಾಕ್ಟರು.

ತರಗತಿಯ ದನಿಯಲ್ಲೇ ಮುಂದುವರಿಸಿದರು.

"ನಳಿಗೆ ತಪ್ಪಿತ್ತು. ಆ ಹುಡುಗಿ ಸತ್ತಿದ್ದು ನನ್ನಿಂದ. ಈ ಮೇಡಂ ಅವತ್ತು ಹೇಳಿದ್ದೆಲ್ಲ ನಿಜ, ಹೇಳಿದ ರೀತಿ ಒಂದನ್ನ ಬಿಟ್ಟು. ನಾನು ಹೇಳಿದ್ದೆಲ್ಲ ಸುಳ್ಳು. ಆದ್ರೆ ಔಷಧಿ ಒಗ್ಗಲಿಲ್ಲ ಅನ್ನೋ ಆ ವಾಕ್ಯ ನನ್ನದಲ್ಲ. ಅಷ್ಟು ಚೆಂದದ ವಾಕ್ಯ ಕಟ್ಟೋಕೆ ನನಗೆ ಬರಲ್ಲ. ನಿಮ್ಮ ತಂದೆಯವರು ಹೇಳಿಕೊಟ್ಟಿದ್ದು."

"ಮಹಾಸ್ವಾಮಿ, ಇದು ಅಪ್ರಸ್ತುತ!"

"ನೀವೇ ಕೇಳಿದ್ರಲ್ಲ," ಎಂದರು ನ್ಯಾಯಾಧೀಶೆ. "ಉತ್ತರ ಪೂರ್ತಿ ಆಗಲಿ."

"ನಿಮ್ಮ ಕಚೇರಿಯ ಒಳಕೋಣೆ. ಕಿಟಕಿಗೆ ಹಸಿರು ಪರದೆ ಇತ್ತು. ಯಂತ್ರದ ವಿಷಯ ಏನು ಹೇಳಲಿ ಅಂತ ನಾನು ಕೇಳಿದೆ. 'ಕೆಟ್ಟಿತ್ತು ಅನ್ನಿ. ಯಂತ್ರಕ್ಕೆ ಯಾರೂ ಪಾಟೀಸವಾಲು ಮಾಡೋಕಾಗಲ್ಲ' ಅಂದ್ರು. ಈ ಆಸ್ಪತ್ರೆಯವರ ಉತ್ತರ ಓದಿದಾಗ ಗೊತ್ತಾಯ್ತು, ವಾಕ್ಯ ಹಾಗೇ ಇಟ್ಕೊಂಡಿದೀರಾ ಅಂತ. ಒಂದು ಪದಾನೂ ಬದಲಾಗಿಲ್ಲ."

ಕಿರಿಯ ವಕೀಲ ತನ್ನ ಕಾಗದಗಳಲ್ಲಿ ಏನನ್ನೋ ಹುಡುಕಿದ. ಸಿಗಲಿಲ್ಲ. ಬೇರೆ ಪ್ರಶ್ನೆ ಇಲ್ಲ ಎಂದು ಗೊಣಗಿ ಕೂತ.

ವಕೀಲೆ ಎದ್ದಳು. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು ಎಂದು ಅವಳೇ ಕಿರಿಯರಿಗೆ ಹೇಳಿಕೊಡುತ್ತಿದ್ದಳು. ಕೂರಲಾಗಲಿಲ್ಲ.

"ಡಾಕ್ಟರೇ, ಒಂದೇ ಪ್ರಶ್ನೆ. ನಳಿಗೆ ತಪ್ಪಿದೆ ಅಂತ ಅವತ್ತು ನಿಮಗೆ ಯಾವಾಗ ಗೊತ್ತಾಯ್ತು?"

ಅವರು ಕಟಕಟೆಯ ಮರವನ್ನು ಅಂಗೈಯಿಂದ ಸವರಿದರು.

"ಬೇಗನೇ ಗೊತ್ತಾಯ್ತು. ತೆಗೆದು ಮತ್ತೆ ಹಾಕೋಕೆ ಟೈಮೂ ಇತ್ತು. ಆದ್ರೆ ತೆಗೆದ್ರೆ ತಪ್ಪು ಮಾಡಿದೀನಿ ಅಂತ ಎಲ್ಲರ ಮುಂದೆ ಒಪ್ಕೊಂಡ ಹಾಗೆ. ಆಪರೇಷನ್ ಮಾಡೋ ಹಿರಿಯರು ಗಡಿಯಾರ ನೋಡ್ತಾ ನಿಂತಿದ್ರು. ನರ್ಸು ನನ್ನ ಮುಖ ನೋಡ್ತಿದ್ಲು. ಯಂತ್ರ ಕೆಟ್ಟಿದೆ ಅಂದೆ. ಅಂದ್ಮೇಲೆ ನಾನೇ ಅದನ್ನ ನಂಬಿಬಿಟ್ಟೆ. ಮರ್ಯಾದೆಗೆ ಅಂಜಿ ಸುಮ್ಮನಿದ್ದೆ ಮೇಡಂ. ಅಷ್ಟೇ."

ಕೇಳಬೇಕಾಗಿದ್ದ ಪ್ರಶ್ನೆ ಅಂದೂ ಇದೇ ಆಗಿತ್ತು. ಸತ್ತ ಹುಡುಗಿಯ ಅಪ್ಪ ಅದನ್ನು ತಿಳಿಯಲೆಂದೇ ದಿನಾ ಬಂದು ಕೂರುತ್ತಿದ್ದ. ಅವಳು ಕೇಳಿರಲಿಲ್ಲ. ನಗು ಸಿಕ್ಕಿತ್ತು, ಸಾಕೆನ್ನಿಸಿತ್ತು.

ಹಿಂದಿನ ಬೆಂಚಿನಲ್ಲಿ ಚಿಕ್ಕ ವಯಸ್ಸಿನ ವೈದ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಅಧಿಕಾರಿಗಳಿಬ್ಬರೂ ಅವನಿಂದ ಸ್ವಲ್ಪ ಸ್ವಲ್ಪವೇ ದೂರ ಸರಿದು ಕೂತರು. ಅವರನ್ನು ನೋಡಿ ವಕೀಲೆಗೆ ತನ್ನ ಹಳೇ ತಾತ್ಸಾರ ಪೂರ್ತಿಯಾಗಿ ವಾಪಸು ಬಂತು; ಅದರಿಂದ ಸ್ವಲ್ಪ ಸಮಾಧಾನವೂ ಆಯಿತು.

ತೀರ್ಪು ಡ್ರೈವರನ ಹೆಂಡತಿಯ ಕಡೆಗೆ ಬಂತು. ಅವಳು ನ್ಯಾಯಾಧೀಶೆಗೆ ಕೈಮುಗಿಯಲಿಲ್ಲ, ಅಳಲೂ ಇಲ್ಲ. ಹೊರಗೆ ಬಂದು, "ಈಗ ಅವರನ್ನ ನೋಡ್ಕೊಳ್ಳೋಕೆ ಒಬ್ಬ ನರ್ಸ್ ಇಡಬಹುದು. ಗೆದ್ದಿದ್ದು ಅಷ್ಟೇ ಮೇಡಂ" ಎಂದಳು. ಸ್ವಲ್ಪ ದೂರ ಹೋದವಳು ತಿರುಗಿ ಬಂದು, "ಆ ಊಟ, ಮೂಗು ಅಂತ ಕೇಳಿದ್ದು... ಅವತ್ತು ಆ ಹುಡುಗಿ ಮನೆಯೋರೂ ಕೋರ್ಟಲ್ಲಿ ಇದ್ರಾ?" ಎಂದು ಕೇಳಿದಳು.

"ಇದ್ರು."

"ಹೂಂ," ಎಂದು ಹೊರಟುಹೋದಳು. ಇಡೀ ವೃತ್ತಿಯಲ್ಲಿ ಯಾವ ಎದುರು ವಕೀಲನೂ ವಕೀಲೆಗೆ ಅಷ್ಟು ಸರಿಯಾದ ಏಟು ಕೊಟ್ಟಿರಲಿಲ್ಲ.

ತೀರ್ಪು ಬಂದು ಹೆಚ್ಚು ದಿನ ಆಗಿರಲಿಲ್ಲ, ತಮ್ಮ ಅವಳ ಕಚೇರಿಗೆ ಬಂದ. ಬಂದವನು ಕೂರದೆ ಕಪಾಟಿನ ಪುಸ್ತಕಗಳ ಬೆನ್ನು ಓದುತ್ತಾ ನಿಂತ.

"ಏನಾಯ್ತೋ?"

"ಸಂಘದೋರು ಆ ಡಾಕ್ಟರನ್ನ ವಿಚಾರಣೆಗೆ ಕರೆದಿದಾರೆ. ಸಂಘದ ಘನತೆಗೆ ಕುಂದು ತಂದಿದ್ದಕ್ಕೆ. ಕ್ಷಮೆ ಕೇಳದಿದ್ರೆ ತೆಗೆದುಹಾಕ್ತಾರೆ."

ವಕೀಲೆ ಪೆನ್ನು ಕೆಳಗಿಟ್ಟಳು. "ಆ ಹುಡುಗಿ ಸತ್ತಾಗ ಘನತೆ ಎಲ್ಲಿ ಹೋಗಿತ್ತು?"

"ಆಗ... ಆಗ ಸಂಘ ಅವರ ವಕೀಲರ ಖರ್ಚಿಗೆ ಚಂದಾ ಎತ್ತಿತ್ತು ಅಕ್ಕ."

ಅವಳು ನಕ್ಕದ್ದು ಹೊರಗಿನ ಗುಮಾಸ್ತರಿಗೂ ಕೇಳಿಸಿತು. "ಕೊಂದಾಗ ಚಂದಾ, ನಿಜ ಹೇಳಿದಾಗ ದಂಡನೆ! ಇದನ್ನ ನೀನು ಕಾರ್ಯದರ್ಶಿಯಾಗಿ ಕೂತು ಬರ್ಕೋತೀಯಾ?"

"ನನ್ನ ಕೆಲಸ ಬರ್ಕೊಳ್ಳೋದು. ಹೇಳಿಹೋಗೋಣ ಅಂತ ಬಂದೆ ಅಷ್ಟೇ," ಎಂದ ತಮ್ಮ. ಕಿವಿ ಕೆಂಪಾಗಿತ್ತು.

ವಿಚಾರಣೆ ಸಂಘದ ಕಟ್ಟಡದ ಮಹಡಿಯಲ್ಲಿ. ಉದ್ದನೆಯ ಹೊಳೆಯುವ ಮೇಜು, ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರುಗಳ ಫೋಟೋ, ಎಲ್ಲರದೂ ಒಂದೇ ಅಂಗಡಿಯಲ್ಲಿ ಹೊಲಿಸಿದ ಹಾಗಿರುವ ಗಾಂಭೀರ್ಯ. ಈಗಿನ ಅಧ್ಯಕ್ಷರು ಹೆಸರುವಾಸಿ ಹೃದಯದ ಡಾಕ್ಟರು. ವಕೀಲೆ ಬಾಗಿಲು ತಳ್ಳಿ ಒಳಗೆ ಬಂದಾಗ ಕುರ್ಚಿಗಳೆಲ್ಲ ಕಿರುಗುಟ್ಟಿದವು.

"ಇವರ ಪರವಾಗಿ ಬಂದಿದೀನಿ," ಎಂದಳು.

"ನಾನು ಕರೆದಿಲ್ಲ," ಎಂದರು ಮತ್ತಿನ ಡಾಕ್ಟರು, ಅವಳ ಕಡೆ ನೋಡದೆ. "ಇರಲಿ, ಕೂತಿರಲಿ. ಬಾಯಿ ಮುಚ್ಕೊಂಡು ಕೂತ್ರೆ ಆಯ್ತು."

ಅವಳು ಬಾಯಿ ಮುಚ್ಚಿಕೊಂಡು ಕೂತಳು. ಅಧ್ಯಕ್ಷರು ಘನತೆ, ಸಹೋದರತ್ವ, ಪರಂಪರೆ ಎಂದು ಬಹಳ ಹೊತ್ತು ಮಾತಾಡಿದರು. ಒಬ್ಬ ಸೋದರನ ಬೆನ್ನಿಗೆ ಇನ್ನೊಬ್ಬ ಸೋದರ ಚೂರಿ ಹಾಕಬಾರದು ಎಂದರು. ಬಸ್ ಡ್ರೈವರನ ಮಾತು ಬರಲೇ ಇಲ್ಲ. ಎಲ್ಲ ಮುಗಿದ ಮೇಲೆ ಮತ್ತಿನ ಡಾಕ್ಟರು ಎದ್ದು ನಿಂತರು.

"ಕ್ಷಮೆ ಕೇಳ್ತೀನಿ. ಆದ್ರೆ ಯಾವುದಕ್ಕೆ ಅಂತ ಸ್ಪಷ್ಟ ಮಾಡಿ. ನಾನು ಎರಡು ಕೆಲಸ ಮಾಡಿದೀನಿ. ಒಂದು, ಒಬ್ಬ ಹುಡುಗಿಯನ್ನ ಕೊಂದು ಸುಳ್ಳು ಹೇಳಿದೆ. ಎರಡು, ನಿಜ ಹೇಳಿದೆ. ಎರಡರಲ್ಲಿ ಯಾವುದಕ್ಕೆ?"

"ಮೊದಲನೆಯದು ಮುಗಿದುಹೋದ ವಿಷಯ," ಎಂದರು ಅಧ್ಯಕ್ಷರು ಅಸಹನೆಯಿಂದ. "ಎರಡನೆಯದಕ್ಕೇ ಕೇಳಬೇಕು." ಹೇಳಿದ ಮೇಲೆ ತಾವು ಹೇಳಿದ್ದೇನು ಎಂದು ಅವರಿಗೆ ತಿಳಿಯಿತು. ಮೇಜಿನ ತುದಿಯಲ್ಲಿ ನಡಾವಳಿ ಬರೆಯುತ್ತಿದ್ದ ತಮ್ಮನ ಕಡೆ ತಿರುಗಿದರು. "ಅದನ್ನ ಬರೀಬೇಡಿ."

"ಬರೆದಾಯ್ತು ಸರ್."

"ಹೊಡೆದು ಹಾಕಿ."

ತಮ್ಮ ಪೆನ್ನಿನ ಕ್ಯಾಪು ಹಾಕಿದ. ಅದು ಒಂದೇ ಸಲಕ್ಕೆ ಕೂರಲಿಲ್ಲ. "ಆಡಿದ್ದನ್ನ ಬರೀಬೇಕು ಅಂತ ನಿಯಮ ಇದೆ ಸರ್. ಹೊಡೆದುಹಾಕೋಕೆ ನಿಯಮ ಇಲ್ಲ," ಎಂದು ಹೇಳಿ ಪುಸ್ತಕವನ್ನು ಪಕ್ಕದವರ ಮುಂದೆ ಸರಿಸಿದ. "ಮುಂದಿಂದನ್ನ ಬೇರೆ ಯಾರಾದ್ರೂ ಬರೀಲಿ."

ಮುಂದಿನದು ಏನೂ ಉಳಿದಿರಲಿಲ್ಲ. ಉಳಿದವರೆಲ್ಲ ಕೈ ಎತ್ತಿದರು, ಮತ್ತಿನ ಡಾಕ್ಟರನ್ನು ಸಂಘದಿಂದ ತೆಗೆದರು. ಅವರು ಕೋಟಿನ ಮೇಲಿದ್ದ ಸಂಘದ ಬಿಲ್ಲೆಯನ್ನು ಬಿಚ್ಚಿ, ಮೇಜಿನ ಮೇಲಿದ್ದ ಬಿಸ್ಕತ್ತಿನ ತಟ್ಟೆಯಲ್ಲಿಟ್ಟು ಹೊರಟರು.

ವಕೀಲೆ ಮೆಟ್ಟಿಲ ಹತ್ತಿರ ಅವರನ್ನು ಹಿಡಿದಳು. "ನಿಲ್ಲಿ. ಇದನ್ನ ಕೋರ್ಟಲ್ಲಿ ಪ್ರಶ್ನೆ ಮಾಡಬಹುದು. ಅಧ್ಯಕ್ಷ ಬಾಯಿ ಬಿಟ್ಟಿದ್ದು ಸಾಕು, ಅವರ ಬೆವರಿಳಿಸ್ತೀನಿ ನಾನು."

"ಇಳಿಸ್ತೀರಾ, ಗೊತ್ತು. ನೋಡಿದೀನಲ್ಲ." ಅವರು ಅವಳನ್ನು ಮೊದಲ ಸಲ ಹಗೆಯಿಲ್ಲದೆ ನೋಡಿದರು, ಸುಸ್ತಾಗಿತ್ತಷ್ಟೆ. "ಬೇಡ ಮೇಡಂ. ಸಂಘದಲ್ಲಿ ಇದ್ದು ನನಗೆ ಆಗಬೇಕಾದ್ದು ಏನಿದೆ? ನಾನು ಹೇಳೋದು ಇತ್ತು, ಹೇಳಿದೆ. ಯಾವಾಗ ಗೊತ್ತಾಯ್ತು ಅಂತ ನೀವು ಇಷ್ಟು ತಡವಾಗಿ ಕೇಳಿದ್ರಿ. ಅದನ್ನ ಅವತ್ತೇ ಕೇಳಿದ್ರೆ ಅವತ್ತೇ ಹೇಳ್ತಿದ್ನೇನೋ. ಗೊತ್ತಿಲ್ಲ. ಹೇಳ್ತಿರಲಿಲ್ವೇನೋ."

ಅವರು ಬಸ್ಸು ಹಿಡಿಯಲು ರಸ್ತೆ ದಾಟಿದರು. ಅವಳು ಕಾರಿನಲ್ಲಿ ಕೂತು, ಅವರ ಬಗ್ಗೆ ಚುರುಕಾದ ಒಂದು ಮಾತು ಹೊಳೆಯುತ್ತದೇನೋ ಎಂದು ಕಾದಳು. ಯಾರ ಮೇಲಾದರೂ ಅವಳಿಗೆ ಅಂಥ ಮಾತು ಹೊಳೆಯದ ದಿನವಿರಲಿಲ್ಲ. ಇಂದು ಹೊಳೆಯಲಿಲ್ಲ.

ಅಷ್ಟರಲ್ಲಿ ತಮ್ಮ ಬಂದು ಪಕ್ಕದ ಬಾಗಿಲು ತೆಗೆದು ಕೂತ. ಮುಖ ಬೆಳ್ಳಗಾಗಿತ್ತು.

"ನನ್ನ ಕಾರಿನ ಕೀ ಮೇಲೇ ಉಳೀತು," ಎಂದ. "ವಾಪಸ್ ಹೋಗೋಕೆ ಆಗಲ್ಲ ಅಕ್ಕ. ಎಲ್ರೂ ಅಲ್ಲೇ ನಿಂತಿದಾರೆ." ಆಮೇಲೆ, "ನಾನು ಮಾಡಿದ್ದು ಸರೀನಾ?" ಎಂದು ಕೇಳಿದ.

ವಕೀಲೆ ಅವನನ್ನು ಪಕ್ಕಕ್ಕೆ ತಿರುಗಿ ನೋಡಿದಳು.

"ಬಾಗಿಲು ಸರಿಯಾಗಿ ಹಾಕ್ಕೊಂಡಿಲ್ಲ ನೋಡು," ಎಂದು ಹೇಳಿ, ಅವನ ಎದೆಯ ಮೇಲಿಂದ ಕೈ ಚಾಚಿ ತಾನೇ ಬಾಗಿಲೆಳೆದು ಹಾಕಿ, ಗಾಡಿ ಹೊರಡಿಸಿದಳು.